ಆಟದ ಷರತ್ತು, ನನ್ನ ಒಪ್ಪಿಗೆ

ಕಂಪ್ಯೂಟರ್ ಭದ್ರತೆಯ ವಿಷಯದಲ್ಲಿ ನಾನು ಎಚ್ಚರದ ಮನುಷ್ಯ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಓಟಿಪಿ ಯಾರಿಗೂ ಹೇಳುವುದಿಲ್ಲ, ಗುರುತಿಲ್ಲದ ಲಿಂಕ್ ಒತ್ತುವುದಿಲ್ಲ, ಅಮ್ಮನ ಫೋನಿಗೆ ಬರುವ ಕೆವೈಸಿ ಮೆಸೇಜುಗಳನ್ನು ನಾನೇ ಅಳಿಸುತ್ತೇನೆ. ಆ ನಂಬಿಕೆಯನ್ನು ಒರೆಗೆ ಹಚ್ಚಿದ್ದು ಒಂದು ಆಟ.

2025ರ ಆಗಸ್ಟ್‌ನಲ್ಲಿ ಬ್ಯಾಟಲ್‌ಫೀಲ್ಡ್ 6ರ ಬೀಟಾ ಎಲ್ಲರಿಗೂ ಸಿಕ್ಕಿತು. ಸೆಕ್ಯೂರ್ ಬೂಟ್ ಆನ್ ಇಲ್ಲದ ಕಂಪ್ಯೂಟರುಗಳಲ್ಲಿ ಮಾತ್ರ ಅದು ಶುರುವಾಗಲಿಲ್ಲ. ನನ್ನದೂ ಅಂಥದ್ದೇ. ವ್ಯಾಲರಂಟ್ ಆಡುವವರಿಗೆ ಇದು ಹೊಸತಲ್ಲ. ವಿಂಡೋಸ್ 11ರಲ್ಲಿ ಅದು ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಎರಡನ್ನೂ ಕೇಳುತ್ತದೆ. ಕೇಳುವುದಕ್ಕೆ ಕಾರಣವಿದೆ. ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನೇ ಹಿಡಿಯುವ ಮೋಸದ ಪ್ರೋಗ್ರಾಂಗಳಲ್ಲಿ ಕೆಲವು ವಿಂಡೋಸ್ ಏಳುವ ಮೊದಲೇ ಎದ್ದು ಕೂತಿರುತ್ತವೆ. ಆಮೇಲೆ ಬರುವ ಕಾವಲಿಗೆ ಅವು ಕಾಣುವುದೇ ಇಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ, ನಂಬಿಗಸ್ತ ಸಹಿಯಿಲ್ಲದ ಯಾವುದನ್ನೂ ಮದರ್‌ಬೋರ್ಡ್ ಆ ಹೊತ್ತಿನಲ್ಲಿ ಏಳಗೊಡುವುದಿಲ್ಲ.

ನನ್ನದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಮಷೀನು. ವಿಂಡೋಸ್ ಹಳೆಯ ಪದ್ಧತಿಯಲ್ಲಿ, ಎಂಬಿಆರ್ ಡಿಸ್ಕಿನ ಮೇಲೆ ಕೂತಿತ್ತು. ಹಾಗಿರುವಾಗ ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ಹಳೆಯ ಪದ್ಧತಿಗೆ ಅವಕಾಶ ಕೊಡುವ ಸಿಎಸ್‌ಎಂ ತೆಗೆದು ಸೆಕ್ಯೂರ್ ಬೂಟ್ ಒತ್ತಿಬಿಟ್ಟರೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಬದಲಿಸಬೇಕು. ಅದಕ್ಕೆ 2017ರಿಂದ ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ, ಫೈಲುಗಳನ್ನು ಅಳಿಸದೆ ಬದಲಿಸಿಕೊಡುತ್ತದೆ. ನಾನು ಬ್ಯಾಕಪ್ ತೆಗೆದೆ, ಡಿಸ್ಕ್ ಬದಲಿಸಿದೆ, ಸಿಎಸ್‌ಎಂ ತೆಗೆದೆ, ಟಿಪಿಎಂ ಆನ್ ಮಾಡಿದೆ, ಕೊನೆಗೆ ಸೆಕ್ಯೂರ್ ಬೂಟ್. ಆಟ ತೆರೆದುಕೊಂಡಿತು.

ಸಂತೋಷವೇನೋ ಆಯಿತು. ಆದರೆ ರಾತ್ರಿ ಮಲಗಿದಾಗ ಮನಸ್ಸು ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ: ಇದನ್ನು ಇಷ್ಟು ದಿನ ಯಾಕೆ ಆನ್ ಮಾಡಿರಲಿಲ್ಲ? ಸೆಕ್ಯೂರ್ ಬೂಟ್ ನಿನ್ನೆ ಮೊನ್ನೆಯದಲ್ಲ. ವಿಂಡೋಸ್ 8ರ ಜೊತೆ, 2012ರಲ್ಲೇ ಬಂದದ್ದು. ಇದೇ ಮಷೀನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಿದೆ, ತೆರಿಗೆ ರಿಟರ್ನ್ ಸಲ್ಲಿಸಿದೆ, ಮನೆಯವರ ಆಧಾರ್ ಪ್ರತಿಗಳನ್ನು ಇಟ್ಟುಕೊಂಡೆ. ಆ ಯಾವುದಕ್ಕೂ ತೆರೆಯದ ಬಯೋಸ್ ಒಂದು ಆಟಕ್ಕೆ ತೆರೆಯಿತು.

ಇಷ್ಟಕ್ಕೇ ಮುಗಿದಿದ್ದರೆ, ದಾರಿ ಯಾವುದಾದರೇನು, ಸೇರಿದ ಊರು ಒಳ್ಳೆಯದೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಕೆಲವು ತಿಂಗಳ ನಂತರ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಕಾಲೇಜಿನ ದಿನಗಳ ಕಾರ್ ರೇಸ್ ಆಟದ ಸೀಡಿ ಸಿಕ್ಕಿತು. ಹಾಕಿದೆ, ಓಡಲಿಲ್ಲ. ಆ ಕಾಲದ ಅನೇಕ ಆಟಗಳಂತೆ ಅದಕ್ಕೂ ನಕಲು ತಡೆಯಲು ಸೇಫ್‌ಡಿಸ್ಕ್ ರಕ್ಷಣೆ ಇತ್ತು. ಅದರ ಡ್ರೈವರಿನಲ್ಲಿ ಭದ್ರತೆಯ ದೋಷಗಳಿದ್ದವು. ವಿಂಡೋಸ್ 10 ಅದನ್ನು ಒಳಗೆ ಬಿಡಲೇ ಇಲ್ಲ. ಮತ್ತೆ ತರಬೇಕೆಂದರೆ ಜನ ಹಿಡಿಯುವ ಒಂದು ದಾರಿ, ನಂಬಿಗಸ್ತ ಸಹಿಯಿಲ್ಲದ ಡ್ರೈವರನ್ನೂ ಒಪ್ಪುವ ಟೆಸ್ಟ್ ಮೋಡ್‌ಗೆ ವಿಂಡೋಸನ್ನು ಹಾಕಿ ಆ ಡ್ರೈವರನ್ನು ಕೂರಿಸುವುದು. ಟೆಸ್ಟ್ ಮೋಡ್ ಬೇಕಾದರೆ ಸೆಕ್ಯೂರ್ ಬೂಟ್ ಆಫ್ ಆಗಬೇಕು.

ಬಯೋಸ್‌ಗೆ ಹೋದೆ. ಅದೇ ಪುಟ, ಅದೇ ಸಾಲು. ಆನ್ ಮಾಡುವಾಗ ಇದ್ದ ಆತುರವೇ ಆಫ್ ಮಾಡುವಾಗಲೂ ಇತ್ತು. ಒಂದು ಕೆಲಸ ಮಷೀನನ್ನು ಭದ್ರ ಮಾಡುತ್ತದೆ, ಇನ್ನೊಂದು ದುರ್ಬಲ ಮಾಡುತ್ತದೆ. ನನ್ನ ಬೆರಳಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ನಿಂತೆ. ವಿವೇಕ ನಿಲ್ಲಿಸಿತು ಎಂದು ಹೇಳಿಕೊಳ್ಳಲಾರೆ. ಇದನ್ನು ಆಫ್ ಮಾಡಿದರೆ ಹೊಸ ಆಟ ನಿಂತುಹೋಗುತ್ತದಲ್ಲ ಎಂಬುದು ಮೊದಲು ನೆನಪಾಯಿತು. ಭದ್ರತೆಯ ಯೋಚನೆ ಬಂದದ್ದು ಅದರ ಹಿಂದೆ.

ಅಂದಿನಿಂದ ನನ್ನ ಒಪ್ಪಿಗೆಗಳನ್ನೆಲ್ಲ ಮತ್ತೆ ನೋಡತೊಡಗಿದೆ. ಹೊಸ ಆಟದ ಜೊತೆ ಬರುವ ಮೋಸ ತಡೆಯುವ ಪ್ರೋಗ್ರಾಂ ವಿಂಡೋಸ್‌ನ ಕರ್ನಲ್‌ನಲ್ಲಿ, ಅಂದರೆ ಎಲ್ಲ ಬೀಗದ ಕೈಗಳೂ ಇರುವ ಜಾಗದಲ್ಲಿ, ಕೆಲಸ ಮಾಡುತ್ತದೆ. ಅಲ್ಲಿ ಸಣ್ಣ ತಪ್ಪೂ ಸಣ್ಣದಲ್ಲ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಇಂಥದ್ದೇ ಡ್ರೈವರನ್ನು ಬಳಸಿ ರ‍್ಯಾನ್ಸಮ್‌ವೇರ್ ದಾಳಿಕೋರರು ಆಂಟಿವೈರಸ್ಸನ್ನು ಕೊಂದರು; ಡ್ರೈವರಿಗೆ ಸರಿಯಾದ ಸಹಿ ಇತ್ತು, ಕಂಪ್ಯೂಟರಿನಲ್ಲಿ ಆ ಆಟ ಇರಬೇಕೆಂದೂ ಇರಲಿಲ್ಲ. ಇಷ್ಟು ತಿಳಿದೂ ನಾನು ಬ್ಯಾಟಲ್‌ಫೀಲ್ಡ್ ತೆಗೆದುಹಾಕಿಲ್ಲ. ಮೋಸಗಾರರಿಲ್ಲದ ಪಂದ್ಯ ನನಗೆ ಬೇಕು, ಅದಕ್ಕೆ ಈ ಬೆಲೆ ತೆರುತ್ತಿದ್ದೇನೆ. ಆದರೆ ಬೆಲೆ ಎಷ್ಟೆಂದು ತಿಳಿದು ತೆರಬೇಕು. ಇಷ್ಟು ವರ್ಷ ಕೇಳದೆಯೇ ತೆತ್ತಿದ್ದೆ. ಈಗ ಬ್ಯಾಂಕಿನ ಕೆಲಸವನ್ನು ಬೇರೆ ಲ್ಯಾಪ್‌ಟಾಪಿಗೆ ಸಾಗಿಸಿದ್ದೇನೆ. ರೇಸ್ ಆಟದ ಸೀಡಿ ಪೆಟ್ಟಿಗೆಗೆ ಮರಳಿದೆ.

ಮೊನ್ನೆ ಅಣ್ಣನ ಮಗ ಫೋನ್ ಮಾಡಿದ್ದ. "ಚಿಕ್ಕಪ್ಪ, ಫ್ರೆಂಡ್ ಒಂದು ಗೇಮ್ ಕೊಟ್ಟಿದ್ದಾನೆ, ಓಪನ್ ಆಗ್ತಿಲ್ಲ. ಆಂಟಿವೈರಸ್ ಆಫ್ ಮಾಡಿದ್ರೆ ಆಗುತ್ತಂತೆ. ಮಾಡ್ಲಾ?" ಅವನ ದನಿಯಲ್ಲಿದ್ದ ಆತುರ ನನ್ನದೇ. "ಬೇಡ ಕಣೋ, ಆ ಗೇಮೇ ಬೇಡ" ಅಂದೆ. ಅವನಿಗೆ ಬೇಸರವಾಯಿತು. ಕ್ರ್ಯಾಕ್ ಮಾಡಿದ ಆಟಗಳು ಆಂಟಿವೈರಸ್ಸನ್ನು ಮಲಗಿಸಲು ಕೇಳುವುದು ಏಕೆಂದು ಅವನಿಗೆ ಬಿಡಿಸಿ ಹೇಳಲು ತುಂಬ ಹೊತ್ತು ಹಿಡಿಯಿತು. ಆ ಹೊತ್ತು ಕೊಡಲೇಬೇಕಿತ್ತು. ಬರೀ ಬೇಡ ಅಂದಿದ್ದರೆ ಫೋನ್ ಇಟ್ಟ ಮೇಲೆ ಆಫ್ ಮಾಡುತ್ತಿದ್ದ, ಅವನ ವಯಸ್ಸಿನಲ್ಲಿ ನಾನಾದರೂ ಅದನ್ನೇ ಮಾಡುತ್ತಿದ್ದೆ.

ನಿಮ್ಮ ಮನೆಯಲ್ಲೂ ಆಟ ತೆರೆಯದೆ ಒದ್ದಾಡುವ ಮಕ್ಕಳಿದ್ದರೆ, ಅಥವಾ ನೀವೇ ಆಗಿದ್ದರೆ, ಆಟ ಏನು ಕೇಳುತ್ತಿದೆ ಎಂದು ಮೊದಲು ಓದಿ ನೋಡಿ. ರಕ್ಷಣೆಯನ್ನು ಆನ್ ಮಾಡು ಎಂದು ಕೇಳಿದರೆ ಮಾಡಿಕೊಡಿ. ಬಯೋಸ್ ಮುಟ್ಟುವ ಮುನ್ನ ಬ್ಯಾಕಪ್ ತೆಗೆದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಫ್ ಮಾಡು ಎಂದು ಕೇಳಿದರೆ ಆ ಆಟವನ್ನೇ ಬಿಟ್ಟುಬಿಡಿ.