ತುಕ್ಕನ್ನೂ ತೋರಿಸಿ ಮಾರಿದೆವು

ಚಾರ್ಮಾಡಿ ಘಟ್ಟದ ಬುಡದ ನಮ್ಮ ಮನೆಯಲ್ಲಿ ತೀರ್ಥರೂಪರು ಜೋಪಾನ ಮಾಡಿದ್ದ 1951ರ ಎಂ.ಜಿ. ಸ್ಪೋರ್ಟ್ಸ್ ಕಾರೊಂದಿತ್ತು. ಎರಡೇ ಆಸನ, ಇಂಜಿನು, ಮೈಕಟ್ಟು ಮೂಲದವೇ. ಆದರೆ ಇಲ್ಲಿಯ ಮಳೆಗಾಲದ ತೇವಕ್ಕೆ ಚಾಸಿ ತುಕ್ಕು ಹಿಡಿದು, ಮರದ ಚೌಕಟ್ಟು ಸಡಿಲಗೊಂಡಿತ್ತು. ದುರಸ್ತಿಯ ವೆಚ್ಚ ನಮ್ಮ ಶಕ್ತಿಗೆ ಮೀರಿದ್ದರಿಂದ ಮಾರಲು ನಿಶ್ಚಯಿಸಿದೆವು.

ಬೇರೆ ಇಂಜಿನು ಕೂರಿಸಿ, ಬಣ್ಣ ಬಳಿದರೆ ಹೆಚ್ಚು ಬೆಲೆ ಬಂದೀತೆಂದು ಕೆಲವರು ಹೇಳಿದರು. ನಾವು ಒಪ್ಪಲಿಲ್ಲ. ಬಣ್ಣದಡಿಯ ತುಕ್ಕು ಕೊಂಡವರಿಗೆ ಬಗೆದ ದ್ರೋಹ. ಅಲ್ಲದೆ 2021ರ ಕೇಂದ್ರ ನಿಯಮದಂತೆ, 50 ವರ್ಷ ಮೀರಿ, ಚಾಸಿ, ಮೈಕಟ್ಟು, ಇಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಡಾಗದ ವಾಹನಕ್ಕಷ್ಟೇ ‘ವಿಂಟೇಜ್’ ಮಾನ್ಯತೆ. ಸಮೀಪದ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ಕಂಡವರು ಮೂಲರೂಪದ ಯೋಗ್ಯತೆಯನ್ನು ಬಲ್ಲರು.

ದೋಷಗಳನ್ನೆಲ್ಲ ಬರೆದುಕೊಟ್ಟು ಬೆಲೆ ಹೇಳಿದೆವು. ಹಣ ತುಸು ಕಡಿಮೆ ಬಂದಿತು. ಹಿರಿಯರ ಹೆಸರು ಮಾತ್ರ ಮಾಸದೆ ಉಳಿಯಿತು.