ಅಜ್ಜಿ ಕಂಡ ಎರಡು ಪೂಜೆಗಳು

ನಮ್ಮ ಹದಿನಾರು ಮೈಸೂರು ಅರಸರ ಮೂಲದ ಕಥೆಯಲ್ಲಿ ಬರುವ ಊರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಂಜುಂಡೇಶ್ವರನ ತೇರು, ತಿರುಮಕೂಡಲಿನ ಸ್ನಾನ, ಇಷ್ಟೇ ನನ್ನ ಯಾತ್ರೆ. ಚರ್ಚಿನೊಳಗೆ ಕಾಲಿಟ್ಟವಳಲ್ಲ. ಮೊನ್ನೆ ಮೈಸೂರಿನ ಗೆಳತಿ, “ಭಾನುವಾರ ನಮ್ಮತ್ತೆ ಜೊತೆ ಪೂಜೆಗೆ ನೀನೂ ಬಾರೇ” ಎಂದು ಕರೆದಳು. ನಂಜನಗೂಡಿಗೆ ಬಂದು ಬಸ್ಸು ಹತ್ತಿದೆ.

ಸಂತ ಫಿಲೋಮಿನಾ ಚರ್ಚನ್ನು ದೂರದಿಂದ ನೋಡದವರಾರು? 175 ಅಡಿ ಎತ್ತರದ ಜೋಡಿ ಗೋಪುರ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಡಿಗಲ್ಲು ಹಾಕಿದ್ದು. ಒಳಗೆ ಹೋದರೆ ಎಲ್ಲವೂ ಕನ್ನಡ! ಗುರುಗಳು ಜನರ ಕಡೆ ಮುಖಮಾಡಿ ಪ್ರಾರ್ಥಿಸುತ್ತಾರೆ, ಜನ ಒಕ್ಕೊರಲಿನಿಂದ ಉತ್ತರ ಕೊಡುತ್ತಾರೆ.

ಪೂಜೆ ಮುಗಿದ ಮೇಲೆ ಎಂಬತ್ತರ ಅಜ್ಜಿ ಹೇಳಿದರು: “ನಾನು ಚಿಕ್ಕೋಳಾಗಿದ್ದಾಗ ಹಿಂಗಿರಲಿಲ್ಲ ಕಣವ್ವ. ಎಲ್ಲಾ ಲ್ಯಾಟಿನ್ನು. ಸ್ವಾಮ್ಯೋರು ನಮಗೆ ಬೆನ್ನು ಮಾಡಿ ಪೀಠದ ಕಡೆ ತಿರುಗಿರೋರು. ನಾವು ತಲೆ ಮೇಲೆ ಸೆರಗು ಹೊದ್ದು ಜಪಮಾಲೆ ಎಣಿಸ್ತಾ ಕೂರೋದು.”

ಇದು ಬದಲಾದದ್ದು ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ಆಯಾ ಜನರ ಭಾಷೆಯಲ್ಲಿ ಪೂಜೆ ಮಾಡಲು ಅಲ್ಲಿ ದಾರಿಯಾಯಿತು. 1969ರಲ್ಲಿ ಭಾರತಕ್ಕೆಂದೇ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಸಿಕ್ಕಿತು: ಕೈಮುಗಿಯುವುದು, ನೆಲದ ಮೇಲೆ ಕೂರುವುದು, ಮೇಣದಬತ್ತಿಯ ಬದಲು ಎಣ್ಣೆದೀಪ, ಆರತಿ. ಇದಕ್ಕಾಗಿ ದುಡಿದ ಫಾದರ್ ಅಮಲೋರ್‌ಪವದಾಸ್ ಮೈಸೂರಿನಲ್ಲೇ ಅಂಜಲಿ ಆಶ್ರಮ ಕಟ್ಟಿದರು. ‘ಇದು ನಮ್ಮದಲ್ಲ’ ಎಂದು ಮುಖ ತಿರುಗಿಸಿದ ಕ್ರೈಸ್ತರೂ ಇದ್ದರು. ಹಳೆಯ ಲ್ಯಾಟಿನ್ ಪೂಜೆಗೆ 2007ರಲ್ಲಿ ಪೋಪ್ ಬೆನೆಡಿಕ್ಟ್ ಹೆಚ್ಚು ಅವಕಾಶ ಕೊಟ್ಟರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬಿಗಿ ಮಾಡಿದರು. ಅಂದರೆ ವಾದ ಇನ್ನೂ ಮುಗಿದಿಲ್ಲ.

“ನಿಮಗೆ ಯಾವುದು ಹಿತ ಅಜ್ಜಿ?” ಎಂದು ಕೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಗಿನ ಮೌನ ಈಗಿಲ್ಲ. ಅದು ಬೇಕು ಅನ್ಸುತ್ತೆ. ಆದರೆ ನಮ್ಮವ್ವನ್ನ ಮಣ್ಣು ಮಾಡುವಾಗ ಸ್ವಾಮ್ಯೋರು ಏನು ಹೇಳಿದರೋ ಒಂದೂ ತಿಳೀಲಿಲ್ಲ. ಯಜಮಾನರು ಹೋದಾಗ ಎಲ್ಲಾ ಕನ್ನಡದಲ್ಲೇ ಹೇಳಿದರು. ಒಂದೊಂದು ಮಾತೂ ಎದೆಗೆ ಬಿತ್ತು. ಅವತ್ತು ಬಾಯಿಬಿಟ್ಟು ಅತ್ತೆ, ಹಗುರಾದೆ. ನಮ್ಮವ್ವನಿಗೆ ಅತ್ತಿದ್ದು ಮಾತ್ರ ಇನ್ನೂ ಬಾಕಿ ಇದ್ದಂಗಿದೆ.”

ನಾನು ಮಾತಾಡಲಿಲ್ಲ. ನಮ್ಮತ್ತೆಯ ಕರ್ಮಾಂತರದ ದಿನ ಪುರೋಹಿತರು ಹೇಳಿದ ಸಂಸ್ಕೃತವೂ ನನಗೆ ಹಾಗೆಯೇ ಅಲ್ಲವೇ? ಕೈಮುಗಿದಿದ್ದೆ, ಅಷ್ಟೇ.

ವಾಪಸು ಬರುವಾಗ ನಂಜನಗೂಡಿನಲ್ಲಿ ಇಳಿದು ಗುಡಿಗೆ ಹೋದೆ. ಮಂಗಳಾರತಿ ಆದ ಮೇಲೆ, ಧೈರ್ಯಮಾಡಿ, “ಸ್ವಾಮೀ, ಈಗ ಹೇಳಿದಿರಲ್ಲ, ಅದರ ಅರ್ಥ ಏನು?” ಎಂದು ಅರ್ಚಕರನ್ನು ಕೇಳಿದೆ. ಅವರು ನಕ್ಕರು. ತಟ್ಟೆ ಕೆಳಗಿಟ್ಟು, ನಿಧಾನವಾಗಿ ಕನ್ನಡದಲ್ಲಿ ಹೇಳಿದರು. ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.