ಏರು ಹತ್ತುವ ಎಂಜಿನ್ನು

ಕಳಸದ ಪೇಟೆಯಲ್ಲಿ ಇಬ್ಬರು ನಿಂತು ಮಾತಿಗಿಳಿದರೆ ರಾತ್ರಿ ಎಷ್ಟು ಇಂಚು ಮಳೆ ಬಿತ್ತು ಎಂಬಲ್ಲಿಂದ ಹೊರಟು, ಮೆಣಸಿನ ರೇಟು, ಆಳಿನ ಕಷ್ಟ ಎಲ್ಲ ದಾಟಿ ಮಾತು ಗಾಡಿಗೆ ಬಂದು ನಿಲ್ಲುತ್ತದೆ. ಹೊಸ ಗಾಡಿ ತಂದೆ ಎಂದರೆ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬೆಲೆಯದ್ದೂ ಅಲ್ಲ. "ಡೀಸೆಲ್ಲಾ, ಪೆಟ್ರೋಲಾ ಮಾರಾಯ್ರೇ?" ಬಯಲುಸೀಮೆಯಲ್ಲಿ ಇದು ಮೈಲೇಜಿನ ಲೆಕ್ಕ ಇರಬಹುದು. ನಮ್ಮಲ್ಲಿ ಮಳೆಗಾಲದ ಸಂಜೆ ಗಾಡಿ ಮನೆಯಂಗಳ ಮುಟ್ಟುತ್ತದೋ ಇಲ್ಲವೋ ಎಂಬ ವಿಚಾರ.

ತೋಟದ ದಾರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾಂಬರು ಬಿಟ್ಟು ಗೇಟು ದಾಟಿದರೆ ಇಳಿಜಾರು, ಕೆಳಗೆ ಹಳ್ಳ, ಹಳ್ಳದಾಚೆ ಕಡಿದಾದ ಏರು, ಏರಿನ ನಟ್ಟನಡುವೆ ತಿರುವು. ಅಲ್ಲಿ ಎಂಜಿನ್ನನ್ನು ಕಿರುಚಿಸಿದರೆ ಕೆಸರಲ್ಲಿ ಚಕ್ರ ಸುತ್ತುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಕಡಿಮೆ ಸುತ್ತಿನಲ್ಲಿ, ಒಂದೇ ಸಮನೆ, ತಾಳ್ಮೆಯಿಂದ ಎಳೆಯಬೇಕು. ಡೀಸೆಲ್ಲಿನ ಹುಟ್ಟುಗುಣವೇ ಅದು. ಮಾರುತಿ ಸ್ವಿಫ್ಟಿನ 1248 ಸಿಸಿ ಡೀಸೆಲ್ ಎಂಜಿನ್ 2000 ಸುತ್ತಿಗೇ 190 ನ್ಯೂಟನ್ ಮೀಟರ್ ಎಳೆತ ಕೊಡುತ್ತಿತ್ತು. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಅದರ ಪೆಟ್ರೋಲ್ ಎಂಜಿನ್ 4000 ಸುತ್ತು ತಿರುಗಿ 115ರ ಆಸುಪಾಸಿಗೆ ನಿಲ್ಲುತ್ತಿತ್ತು.

ಹಾಗಂತ ಈ ಗುಡ್ಡಗಳಿಗೆ ಜೀಪು ಬಂದದ್ದು ಡೀಸೆಲ್ ಹೊತ್ತುಕೊಂಡಲ್ಲ. ಮಹೀಂದ್ರಾದವರು 1947ರಲ್ಲಿ ಬೊಂಬಾಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪು ಪೆಟ್ರೋಲಿನದು. ಗಟ್ಟಿಮುಟ್ಟು ನಿಜ, ಆದರೆ ಜಿಟಿಜಿಟಿ ಮಳೆ ಹಿಡಿದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ತೇವ ಇಳಿಯಿತೆಂದರೆ ಮುಗಿಯಿತು. ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ಒಣ ಬಟ್ಟೆಯಿಂದ ಒರೆಸಬೇಕು. ಹಿಡಿದ ಮಳೆ ವಾರಗಟ್ಟಲೆ ಬಿಡದ ಊರಿನಲ್ಲಿ ಒಣ ಬಟ್ಟೆಯನ್ನು ಎಲ್ಲಿಂದ ತರುವುದು? ಡೀಸೆಲ್ಲಿಗೆ ಕಿಡಿಯ ಹಂಗೇ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಹಿಂಡಿ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುವುದು 1890ರ ದಶಕದಲ್ಲಿ ರುಡಾಲ್ಫ್ ಡೀಸೆಲ್ ಹಿಡಿದ ಉಪಾಯ. ಪ್ಯೂಜೋದ 2112 ಸಿಸಿ ಡೀಸೆಲ್ ಎಂಜಿನ್ ಇಟ್ಟುಕೊಂಡು ಎಂಎಂ 540 ಜೀಪು ಬಂದ ಮೇಲೆ ಮಲೆನಾಡು ಅದನ್ನು ಬಿಟ್ಟುಕೊಡಲಿಲ್ಲ. ಡಿಸೆಂಬರಿನ ಚಳಿ ಬೆಳಗ್ಗೆ ಹೀಟರ್ ಕಾಯುವವರೆಗೆ ಕೀ ಹಿಡಿದು ಕೂರುವುದೊಂದೇ ಅದು ಕೇಳುತ್ತಿದ್ದ ಸೇವೆ.

ಇನ್ನೊಂದು ಕಾರಣವನ್ನು ಪೇಟೆಯವರು ಯಾರೂ ಹೇಳುವುದಿಲ್ಲ. ಕಾಫಿ ಹೂವು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಫೆಬ್ರವರಿ, ಮಾರ್ಚಿನಲ್ಲಿ ಕೆರೆ ದಂಡೆಯ ಮೇಲೆ ಹಗಲೂ ರಾತ್ರಿ ದುಡಿಯುವುದು ಡೀಸೆಲ್ ಎಂಜಿನ್ನೇ. ನಾಜಲ್ಲು, ಪಂಪು, ಫಿಲ್ಟರು, ಯಾವುದೂ ತೋಟದವರಿಗೆ ಹೊಸತಲ್ಲ. "ಏರ್ ಹಿಡಿದಿದೆ" ಎಂದರೆ ಸಾಕು, ಶಾಲೆಗೆ ಹೋಗುವ ಹುಡುಗನೂ ಸ್ಪ್ಯಾನರ್ ಹುಡುಕಿ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೆ ಕೈಪಂಪು ಒತ್ತುತ್ತಿದ್ದ. ಒಂದೇ ಬ್ಯಾರಲ್ಲಿನ ಎಣ್ಣೆ ಸ್ಪ್ರಿಂಕ್ಲರಿಗೂ ಆಯಿತು, ಜೀಪಿಗೂ ಆಯಿತು. ಒಬ್ಬನೇ ಮೇಸ್ತ್ರಿ ಎರಡನ್ನೂ ರಿಪೇರಿ ಮಾಡಿದ.

ಆ ಜೀಪುಗಳ ಋಣ ದೊಡ್ಡದು. ಲೈನುಮನೆಯಲ್ಲಿ ಹೆರಿಗೆ ನೋವು ಬಂದವಳು ಆಸ್ಪತ್ರೆ ಸೇರಿದ್ದು, ಸಂತೆಯ ಅಕ್ಕಿ ಮನೆ ಸೇರಿದ್ದು ಅವುಗಳ ಹಿಂಬದಿಯಲ್ಲೇ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮೂಡಿಗೆರೆಯ ಅಂಚಿನ ಹಳ್ಳಿಗಳಿಗೆ ದಾರಿ ಕಡಿದುಹೋದಾಗ ಇಂಥ ಗಾಡಿಗಳ ಬೆಲೆ ಮತ್ತೆ ಗೊತ್ತಾಯಿತು. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿಗೆ ಇವತ್ತು ಪ್ರವಾಸಿಗರನ್ನು ಹತ್ತಿಸುವುದೂ ಅವೇ.

ಕಾರಿನ ಕಥೆ ಬೇರೆ. 1980ರ ಡೀಸೆಲ್ ಅಂಬಾಸಿಡರ್, 1998ರ ಇಂಡಿಕಾ, 2007ರ ಡೀಸೆಲ್ ಸ್ವಿಫ್ಟ್ ಬಂದ ಹಾಗೆಲ್ಲ ಜನ ಎಳೆತ ನೋಡಿ ಕೊಂಡಿದ್ದಕ್ಕಿಂತ ಪಂಪಿನ ರೇಟು ನೋಡಿ ಕೊಂಡದ್ದೇ ಹೆಚ್ಚು. ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಪೇಟೆಯೊಳಗೆ ನಾಲ್ಕು ಕಿಲೋಮೀಟರ್ ಓಡಾಡುವವರೂ ಡೀಸೆಲ್ ಕಾರೇ ಬೇಕೆಂದರು. ಅದು ಸರಿಯಾಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಜೀಪಿನ ಹಿಂದೆ ಕೂತು ಆ ಕರಿಹೊಗೆ ಕುಡಿದವರು ಕೂಲಿಗೆ ಹೋಗುವ ಹೆಂಗಸರು. ಅವರ ಎದೆಗೆ ಹೋದ ಮಸಿಯನ್ನು ಲೆಕ್ಕಕ್ಕೆ ಹಿಡಿಯದೆ ಹಳೆಯ ಎಂಜಿನ್ನನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ನಿಯಮ ಬೇಕಾಗಿಯೇ ಇತ್ತು. ಮಾರುತಿಯವರು ಅದೇ ಹೊತ್ತಿಗೆ ಡೀಸೆಲ್ ಕಾರು ಕೈಬಿಟ್ಟರು. ಉಳಿದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿ ಬಂತು. ತೊಡಕು ಇರುವುದು ಅಲ್ಲಿ. ಹಿಡಿದ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಕಾಯಬೇಕು, ಅಂದರೆ ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಕೊಟ್ಟಿಗೆಹಾರದಿಂದ ಕಳಸದವರೆಗಿನ ತಿರುವುಗಳಲ್ಲಿ ಒಂದೇ ವೇಗ ಎಲ್ಲಿಂದ ಬರಬೇಕು? ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎರಡನೇ ಗೇರಿನಲ್ಲೇ ತಿರುಗುವ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ. ಊರಿನ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಮಾಡುವಂಥದ್ದು ಏನೂ ಇಲ್ಲ, ಸ್ಕ್ಯಾನರ್ ಇರುವ ವರ್ಕ್‌ಶಾಪಿಗೆ ಚಿಕ್ಕಮಗಳೂರಿಗೇ ಹೋಗಬೇಕು.

ಕೇಳಿದವರಿಗೆ ನಾನು ಹೇಳುವುದಿಷ್ಟು. ಗೊಬ್ಬರ, ಕಾಫಿ ಮೂಟೆ, ಜನ ಹೇರುವ ಫೋರ್‌ವೀಲ್ ಗಾಡಿಯಾದರೆ ಡೀಸೆಲ್ ಇರಲಿ, ಆಗಾಗ ಕಡೂರಿನ ಕಡೆಯ ನೇರ ರಸ್ತೆಯಲ್ಲಿ ಓಡಿಸಿಕೊಂಡು ಬನ್ನಿ. ಮನೆಮಂದಿಯ ಕಾರಿಗೆ ಪೆಟ್ರೋಲ್ ಸಾಕು. ಕಂಪನಿಗಳಿಗೂ ಒಂದು ಮಾತು ಹೇಳಬೇಕಿದೆ. ನಿಂತಲ್ಲೇ ಮಸಿ ಸುಡಿಸುವ ಅನುಕೂಲ ಕೆಲವು ಗಾಡಿಗಳಲ್ಲಿದೆ. ಅದನ್ನು ಗುಡ್ಡಗಾಡಿಗೆ ಮಾರುವ ಪ್ರತಿ ಡೀಸೆಲ್ ಗಾಡಿಯಲ್ಲೂ ಕೊಡಲಿ, ಮೂಡಿಗೆರೆ, ಕಳಸದ ಮೇಸ್ತ್ರಿಗಳಿಗೆ ಆ ಕೆಲಸ ಕಲಿಸಲಿ.